ಟವೆಲು ಮುಚ್ಚಿಟ್ಟ ಟ್ರ್ಯಾಕ್ಟರ್

ಆಟಿಕೆ ಗಾಡಿಯ ಬಣ್ಣ ಬಿಡಿಸುವುದೂ ಒಂದು ಕೆಲಸವೇ ಎಂದು ನಕ್ಕವರನ್ನು ನಾನು ಹೆಸರು ಹಿಡಿದು ನೆನಪಿಟ್ಟುಕೊಂಡಿದ್ದೇನೆ. ಮೊದಲು ನಕ್ಕವಳು ನಮ್ಮತ್ತೆ. ಆಮೇಲೆ ಓಣಿಯವರು, ಬೀಗರು, ಕೊನೆಗೆ ಮನೆ ಮನೆಗೆ ಬಂದು ಜನಗಣತಿ ಬರೆದುಕೊಳ್ಳುತ್ತಿದ್ದ ಮೇಷ್ಟ್ರು. "ಉದ್ಯೋಗ ಏನ್ರಿ?" ಅಂದರು. "ಬಣ್ಣ ಬಿಡಸೋದ್ರಿ" ಅಂದೆ. "ಹಚ್ಚೋದು ಕೇಳೀನಿ, ಇದೇನ್ರಿ ಬಿಡಸೋದು?" ಎಂದು ಪೆನ್ನು ಎತ್ತಿ ಹಿಡಿದು ನಗತೊಡಗಿದರು. ನಾನು ಒಳಗಿನಿಂದ ಒಂದು ಬೋಳು ಲಾರಿಯನ್ನು ತಂದು ಅವರ ಹಾಳೆಯ ಮೇಲಿಟ್ಟೆ. ಅಂಗೈಯಗಲದ, ಎರಕದ ಲೋಹದ, ಫಳಫಳ ಹೊಳೆಯುವ ಲಾರಿ. ಮೇಷ್ಟ್ರು ಅದನ್ನು ತಮ್ಮ ಹಾಳೆಯ ಮೇಲೆ ಅರ್ಧ ತಾಸು ಓಡಿಸಿ, ಚಹಾ ಕುಡಿದು, ಪಕ್ಕದ ಮನೆಯ ಗಣತಿ ಮರೆತು ಹೊರಟೇಹೋದರು.

ನಾನು ಹುಲಿಗೆಮ್ಮ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವನ್ನೊಂದು ಬಿಟ್ಟು ಎಲ್ಲ ಪಾಸಾದವಳು. ಮೂವತ್ತಕ್ಕೂ ಹೆಚ್ಚು ವರ್ಷ ರಾಯಚೂರಿನಲ್ಲಿ ಇದೇ ಕೆಲಸ ಮಾಡಿ, ಹೋದ ವರ್ಷ ಹೆಬ್ಬೆರಳು ನಡುಗಲು ಶುರುವಾದ ಮೇಲೆ ಡಬ್ಬಗಳನ್ನು ತೊಳೆದು ಬೋರಲು ಹಾಕಿದೆ. ಈಗ ಮೊಬೈಲಿನಲ್ಲಿ ನೋಡಿ ಕಲಿತ ಹುಡುಗ ಹುಡುಗಿಯರು ಬಾಗಿಲಿಗೆ ಬಂದು, "ಅಮ್ಮಾ, ಏನಾದ್ರೂ ಗುಟ್ಟು ಇದ್ರ ಹೇಳ್ರಿ" ಅನ್ನುತ್ತಾರೆ. ಗುಟ್ಟು ಎಲ್ಲಿಂದ ತರಲಿ! ನನ್ನ ಹತ್ತಿರ ಇರುವುದೆಲ್ಲ ನಾನು ಕೆಡಿಸಿದ ಗಾಡಿಗಳ ನೆನಪು. ಬಡ್ತಿ ಗಿಡ್ತಿ ನಮ್ಮ ಕೆಲಸದಲ್ಲಿ ಇರಲಿಲ್ಲ. ಕೆಳಗಿದ್ದವಳು ನಾನೊಬ್ಬಳೇ, ಮೇಲಿದ್ದವರು ಕೆಲಸ ಕಲಿಸಿದ ಖಾದರ್ ಉಸ್ತಾದರೊಬ್ಬರೇ.

ಹೇಳಬೇಕಾದ್ದು ಮುಖ್ಯವಾಗಿ ಒಂದು ಟ್ರ್ಯಾಕ್ಟರಿನ ವಿಷಯ. ಒಂದು ಮದುವೆಗೆ ಸೋದರತ್ತೆ ಬರುತ್ತಾಳೋ ಇಲ್ಲವೋ ಎಂಬುದು ಆ ಆಟಿಕೆ ಟ್ರ್ಯಾಕ್ಟರಿನ ಹಳೆಯ ಬಣ್ಣ ಯಾವುದು ಎಂಬುದರ ಮೇಲೆ ನಿಂತಿತ್ತು, ನಾನು ಆ ಬಣ್ಣವನ್ನೇ ತೊಳೆದುಬಿಟ್ಟೆ! ಈಗ ಬರೆಯುವಾಗ ನಗು ಬರುತ್ತಿದೆ, ಆವತ್ತು ಬಂದದ್ದು ಬೆವರು. ಆದರೆ ಅಲ್ಲಿಗೆ ಹೋಗುವ ಮುಂಚೆ ಉಸ್ತಾದರ ಕಟ್ಟುನಿಟ್ಟು ನಿಮಗೆ ಗೊತ್ತಿರಬೇಕು. ಅವರ ಒಂದೊಂದು ನಿಯಮವೂ ನನ್ನ ಒಂದೊಂದು ಎಡವಟ್ಟಿನಿಂದ ಹುಟ್ಟಿದ್ದು.

ನಾನು ದೇವದುರ್ಗದ ಕಡೆಯವಳು. ಮದುವೆಯಾಗಿ ರಾಯಚೂರಿಗೆ ಬಂದು ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೋಗುತ್ತಿದ್ದೆ. ಹತ್ತಿಯ ಧೂಳಿಗೆ ಕೆಮ್ಮು ಹತ್ತಿತು. ಮಿಲ್ಲಿನ ಗೋಡೆಗೆ ಹೊಂದಿಕೊಂಡೇ ಖಾದರ್ ಉಸ್ತಾದರ ಲಾರಿ ಪೇಂಟಿಂಗ್ ಶೆಡ್ಡು ಇತ್ತು. ಒಂದು ದಿನ ಅವರು ಗೋಡೆಯ ಮೇಲಿಂದ ಇಣುಕಿ, "ಬೇಟಿ, ಸಣ್ಣ ಕೆಲಸ ಅದ. ತಾಳ್ಮಿ ಬೇಕು. ಬರ್ತೀಯೇನು?" ಅಂದರು. ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. "ಬರ್ತೀನ್ರಿ" ಅಂದೆ.

ಆ ಸಣ್ಣ ಕೆಲಸ ನಮೂನೆ ಲಾರಿಯದು. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಅಕ್ಕಿ ಗಿರಣಿಯವರು ಹೊಸ ಲಾರಿಗೆ ಬಣ್ಣ ಹಚ್ಚಿಸಬೇಕಾದರೆ ನೀಲಿ ಎಂದರೆ ಯಾವ ನೀಲಿ, ಪಟ್ಟಿ ಎಷ್ಟಗಲ, ಬಾಗಿಲ ಮೇಲೆ ಹೂವು ಬೇಕೋ ಹುಲಿ ಬೇಕೋ ಎಂದು ಬಾಯಲ್ಲಿ ಹೇಳಿ ಮುಗಿಯುತ್ತಿರಲಿಲ್ಲ. ಅದಕ್ಕೆ ಉಸ್ತಾದರು ಎರಕದ ಲೋಹದ ನಾಲ್ಕು ಆಟಿಕೆ ಲಾರಿ ಇಟ್ಟುಕೊಂಡಿದ್ದರು. ಅದಕ್ಕೆ ಪೂರ್ತಿ ಬಣ್ಣ, ಪಟ್ಟಿ, ಹೂವು ಎಲ್ಲ ಬರೆದು ಮಾಲೀಕರಿಗೆ ಕೊಡುತ್ತಿದ್ದರು. ಮಾಲೀಕರು ಮನೆಗೆ ಒಯ್ದು ಗೂಡಿನಲ್ಲಿಟ್ಟು, ಅವ್ವ, ಹೆಂಡತಿ, ತಮ್ಮಂದಿರು ಎಲ್ಲರಿಂದ ಪಾಸು ಮಾಡಿಸಿಕೊಂಡು ವಾಪಸು ತರುತ್ತಿದ್ದರು. ಎಷ್ಟೋ ಲಾರಿಗಳು ಮನೆಯ ಹೆಂಗಸರ ಕೈಯಲ್ಲಿ ಫೇಲಾದದ್ದುಂಟು. ಪಾಸಾದ ಬಣ್ಣವನ್ನು ದೊಡ್ಡ ಲಾರಿಗೆ ಹಚ್ಚಿದ ಮೇಲೆ ಸಣ್ಣ ಲಾರಿಯನ್ನು ಬೋಳಿಸಿ ಮುಂದಿನ ಗಿರಾಕಿಗೆ ತಯಾರು ಮಾಡಬೇಕು. ಅದು ನನ್ನ ಪಾಲಿಗೆ ಬಂತು. ಹಳೆಯದರ ಮೇಲೇ ಹಚ್ಚಿದರೆ ಆಗದೇ ಎಂದು ನಾನೂ ಕೇಳಿದ್ದೆ. ನಾಲ್ಕು ಸಲ ಹಾಗೆ ಹಚ್ಚಿದರೆ ಲಾರಿಯ ಕಣ್ಣು ಮೂಗು ಮುಚ್ಚಿ ಅದು ಬೆಲ್ಲದಚ್ಚು ಆಗುತ್ತದೆ.

ಕೆಲಸದ ಕ್ರಮ ಇಷ್ಟೇ. ತಳದ ರಿವೆಟ್ಟನ್ನು ಡ್ರಿಲ್ಲಿನಿಂದ ಬಿಡಿಸಿ, ಟೈರು, ಗಾಜು, ಸೀಟು ಎಲ್ಲ ಕಳಚಿ ಪಕ್ಕಕ್ಕಿಡುವುದು. ಲೋಹದ ಮೈಯನ್ನು ಮಾತ್ರ ಕಾಸ್ಟಿಕ್ ಸೋಡಾದ ನೀರಿಗೆ ಬಿಡುವುದು. ನನ್ನ ಹತ್ತಿರ ಎರಡು ಡಬ್ಬ ಇದ್ದವು, ಸೋಡಾ ಕಡಿಮೆ ಇರುವ ತೆಳು ಡಬ್ಬ, ಹೆಚ್ಚಿರುವ ಗಟ್ಟಿ ಡಬ್ಬ. ಬಣ್ಣ ಸುಕ್ಕಾಗಿ ಎದ್ದ ಮೇಲೆ ಕಡ್ಡಿಯಿಂದ ಎತ್ತಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿ, ಎರಡು ಮೂರು ನೀರಿನಲ್ಲಿ ತೊಳೆದು ಬಿಸಿಲಿಗಿಡುವುದು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಒಣದಾಗಿ ತಿಕ್ಕಿ ಧೂಳು ಕುಡಿಯಬೇಡಿ, ನೀರು ಹಾಕಿಯೇ ತಿಕ್ಕಿ. ಇದನ್ನು ನಾನು ನಗದೆ ಹೇಳುತ್ತಿದ್ದೇನೆ, ನೆನಪಿಡಿ.

ಸೇರಿದ ಮೊದಲ ತಿಂಗಳೇ ಒಬ್ಬರು ತಮ್ಮದೇ ಆಟಿಕೆ ಜೀಪು ತಂದುಕೊಟ್ಟರು. ಹಗುರಾಗಿತ್ತು. ಹಗುರಾದರೇನು, ಜೀಪು ಜೀಪೇ ಎಂದು ಗಟ್ಟಿ ಡಬ್ಬಕ್ಕೆ ಬಿಟ್ಟೆ. ಎರಡು ನಿಮಿಷ ಆಗಿರಲಿಲ್ಲ, ಡಬ್ಬ ಕೊತಕೊತ ಕುದಿಯಲು ಶುರು! ಒಲೆ ಇಲ್ಲ, ಬೆಂಕಿ ಇಲ್ಲ, ಡಬ್ಬ ಮುಟ್ಟಿದರೆ ಸುಡುತ್ತಿದೆ, ಹೊಗೆಯಂತೆ ಆವಿ ಏಳುತ್ತಿದೆ. "ಯವ್ವೋ! ಜೀಪಿಗೆ ಜೀವ ಬಂತು ಬರ್ರಿ!" ಎಂದು ನಾನು ಕಿರುಚಿದ್ದಕ್ಕೆ ಶೆಡ್ಡಿನವರೆಲ್ಲ ಬ್ರಷ್ಷು ಹಿಡಿದುಕೊಂಡೇ ಓಡಿಬಂದರು. ಉಸ್ತಾದರು ಎಲ್ಲರನ್ನೂ ದೂರ ಸರಿಸಿ, ಉದ್ದ ಕಡ್ಡಿಯಿಂದ ಅದನ್ನು ಎತ್ತಿದರು. ಬಾನೆಟ್ಟು ಹೋಗಿತ್ತು, ಬಾಗಿಲು ಹೋಗಿತ್ತು, ತೂತು ಬಿದ್ದ ಒಂದು ಕಂಬಿ ಉಳಿದಿತ್ತು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬೇಟಿ, ಜೀಪ್ ಹಾಕಿದ್ದಿ. ಸೈಕಲ್ ತಗದೀಯಲ್ಲ!"

ಬೈಯುತ್ತಾರೆಂದು ಕಾಯುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ, ಅವರಿಗೂ ಆಗಲಿಲ್ಲ. ಆಮೇಲೆ ಕೂರಿಸಿಕೊಂಡು ಹೇಳಿದರು, ಅದು ಅಲ್ಯೂಮಿನಿಯಂ, ಕಾಸ್ಟಿಕ್ ಅದನ್ನು ತಿಂದುಬಿಡುತ್ತದೆ, ಗಾಡಿಯನ್ನು ಮೊದಲು ಅಂಗೈಯಲ್ಲಿ ತೂಗಿ ನೋಡು ಎಂದು. ಭಾರವಾದ ಎರಕಕ್ಕೆ ಸ್ವಲ್ಪ ಹೊತ್ತು ಕಾಸ್ಟಿಕ್ ನಡೆಯುತ್ತದೆ, ಹಗುರಾದದ್ದಕ್ಕೆ ತೋರಿಸಲೂ ಬಾರದು. ಜೀಪಿನ ಯಜಮಾನರಿಗೆ ಉಸ್ತಾದರು ತಮ್ಮ ಮನೆಯ ಗೂಡಿನಲ್ಲಿದ್ದ ಹೊಸ ಜೀಪು ಕೊಟ್ಟು ಕಳಿಸಿದರು. ಆವತ್ತಿನಿಂದ ನಾನು ತರಕಾರಿಯನ್ನೂ ಅಂಗೈಯಲ್ಲಿ ತೂಗಿಯೇ ಕೊಳ್ಳುತ್ತೇನೆ.

ಇನ್ನೊಂದು ಎಡವಟ್ಟು ಸ್ಟೇರಿಂಗಿನದು. ಅಕ್ಕಿ ಗಿರಣಿಯ ಒಬ್ಬ ಮಾಲೀಕರ ತಾಯಿ, ಎಂಬತ್ತರ ಮುದುಕಿ, ನಮೂನೆ ಲಾರಿಯನ್ನು ಬಹಳ ಹಚ್ಚಿಕೊಂಡುಬಿಟ್ಟರು. ಅದನ್ನೇ ಬೇರೆ ಬಣ್ಣ ಮಾಡಿ ತಮಗೇ ಕೊಡಬೇಕೆಂದು ಹಟ. ನಾನು ಅವಸರದಲ್ಲಿ ಸ್ಟೇರಿಂಗು ಕಳಚದೆ ಡಬ್ಬಕ್ಕೆ ಬಿಟ್ಟಿದ್ದೆ. ತೊಗರಿಬೇಳೆಯಷ್ಟು ದೊಡ್ಡ ಸ್ಟೇರಿಂಗು, ಎಲ್ಲಿ ಉದುರಿತೋ ನೋಡಲಿಲ್ಲ. ನೀರನ್ನು ಗಟಾರಕ್ಕೆ ಚೆಲ್ಲಿದೆ. ಆಗ ನಮಗೆ ಅಷ್ಟು ತಿಳಿವಳಿಕೆ ಇರಲಿಲ್ಲ, ನೀವು ಹಾಗೆ ಚೆಲ್ಲಬೇಡಿ. ಲಾರಿ ನೋಡಿದ ಮುದುಕಿ ಆಟೋ ಮಾಡಿಕೊಂಡು ಶೆಡ್ಡಿಗೇ ಬಂದರು. "ಸ್ಟೇರಿಂಗ್ ಇಲ್ಲದ ಲಾರಿ ಹ್ಯಾಂಗ ಓಡ್ತದ? ಹುಡುಕ್ರಿ" ಎಂದು ಗಟಾರದ ದಂಡೆಗೆ ಕುರ್ಚಿ ಹಾಕಿಸಿಕೊಂಡು ಕುಳಿತೇಬಿಟ್ಟರು. ಉಸ್ತಾದರು, ನಾನು, ನಾಲ್ವರು ಪೇಂಟರುಗಳು ಗಟಾರಕ್ಕೆ ಇಳಿದೆವು. ಹಾದು ಹೋಗುವವರು "ಏನ್ ಕಳದದ್ರಿ?" ಅಂದರೆ ಮುದುಕಿ ಬಾಯಿ ಬಿಡಲೊಲ್ಲರು. ಯಾರೋ ಒಬ್ಬ "ಅಮ್ಮಾರ ಬಂಗಾರದ ನತ್ತು ಬಿದ್ದದಂತ" ಅಂದ. ಅಷ್ಟೇ! ಅರ್ಧ ಓಣಿ ಪ್ಯಾಂಟು ಮಡಚಿಕೊಂಡು ಇಳಿಯಿತು. ಜಿನ್ನಿಂಗ್ ಮಿಲ್ಲಿನ ಹೆಂಗಸರು ಬಂದರು, ಆಟೋದವನೂ ಬಂದ. ಕೊನೆಗೆ ಆಟೋದವನೇ ಕೈ ಎತ್ತಿ "ಸಿಕ್ತು!" ಎಂದು ಕೂಗಿದ. ಎಲ್ಲರೂ ಮುಗಿಬಿದ್ದು ನೋಡಿದರೆ ಕರಿ ಪ್ಲಾಸ್ಟಿಕ್ಕಿನ ಒಂದು ಸಣ್ಣ ಉಂಗುರ. ಅವರ ಮುಖ ನೀವು ನೋಡಬೇಕಿತ್ತು! ಮುದುಕಿ ಮಾತ್ರ ಅದನ್ನು ಸೆರಗಿನಲ್ಲಿ ಒರೆಸಿ, ಗಂಟು ಕಟ್ಟಿ, ಅದೇ ಆಟೋದಲ್ಲಿ ಮನೆಗೆ ಹೋದರು.

ಮರುದಿನ ಉಸ್ತಾದರು ಹಿಟ್ಟಿನ ಜರಡಿಯೊಂದನ್ನು ತಂದು ನನ್ನ ಮುಂದಿಟ್ಟರು. "ಇನ್ಮ್ಯಾಲೆ ಜರಡಿ ಹಿಡೀಲಾರದ ನೀರು ಚೆಲ್ಲಂಗಿಲ್ಲ. ಜರಡ್ಯಾಗ ಏನ್ ಉಳೀತದ, ನೋಡಿನೇ ಒಗೀಬೇಕು" ಅಂದರು. ಆ ಮಾತನ್ನು ಕೊನೆಯವರೆಗೂ ಪಾಲಿಸಿದೆ. ಪಾಲಿಸದೆ ಹೋದದ್ದು ಇನ್ನೊಂದು ಮಾತನ್ನು. ನನ್ನ ಸಿಟ್ಟು ಅವರಿಗೆ ಚೆನ್ನಾಗಿ ಗೊತ್ತಿತ್ತು. "ಗುಸ್ಸಾ ಬಂದ್ರ ಹೊರಗ ಹೋಗಿ ಚಾ ಕುಡಿ ಬೇಟಿ. ಡಬ್ಬ ಮುಟ್ಟಬ್ಯಾಡ" ಅನ್ನುತ್ತಿದ್ದರು. ಹೀಗಾಗಿ ಆ ಶೆಡ್ಡಿನಲ್ಲಿ ಅತಿ ಹೆಚ್ಚು ಚಹಾ ಕುಡಿದವಳು ನಾನೇ.

ಆಮೇಲೆ ಕಂಪ್ಯೂಟರು ಬಂತು. ಮಾಲೀಕರು ಪರದೆಯ ಮೇಲೆ ಬಣ್ಣ ನೋಡಿ ಹೂಂ ಅನ್ನತೊಡಗಿದರು, ನಮೂನೆ ಲಾರಿ ಮೂಲೆ ಸೇರಿತು. ಉಸ್ತಾದರು ಶೆಡ್ಡು ಮುಚ್ಚುವಾಗ ಎರಡು ಡಬ್ಬ, ಜರಡಿ, ಒಂದು ಬೋಳು ಲಾರಿ ನನಗೆ ಕೊಟ್ಟರು. ಅವರು ಹೋಗಿ ಬಹಳ ವರ್ಷವಾಯಿತು, ಅವರ ನಗು ಮಾತ್ರ ಡಬ್ಬದ ಮುಚ್ಚಳ ತೆಗೆದಾಗೆಲ್ಲ ಕೇಳಿಸುತ್ತದೆ. ನಾನು ಮನೆಯ ಮುಂದಿನ ಪಡಸಾಲೆಯಲ್ಲೇ ಕೂತೆ. ಇನ್ನು ಯಾರು ಬರುತ್ತಾರೆ ಎಂದುಕೊಂಡಿದ್ದೆ. ಬಂದರು! ಚಿಕ್ಕಂದಿನ ಕಾರು, ಬಸ್ಸು, ರೋಡ್ ರೋಲರ್ ಹಿಡಿದುಕೊಂಡು ದೊಡ್ಡ ದೊಡ್ಡ ಮೀಸೆಯವರು ಬಂದರು. ಬಣ್ಣ ಬಿಟ್ಟು ಒಳಗಿನ ಲೋಹ ಕಂಡಾಗ ಅವರು ಕುಣಿಯುವುದನ್ನು ನೋಡಿ ನಾನು ಎಷ್ಟು ನಕ್ಕಿದ್ದೇನೋ. ಈಗ ಬ್ರಷ್ಷಿನಿಂದ ಬಳಿಯುವ ಅಂಟಿನಂಥ ರಿಮೂವರ್ ಬಂದಿದೆ, ತಿನ್ನರ್ ಬಗೆಬಗೆಯದು ಬಂದಿದೆ. ಒಳ್ಳೆಯವೇ. ನನಗೆ ಮಾತ್ರ ನನ್ನ ಡಬ್ಬಗಳ ಮೇಲೇ ಜೀವ.

ಇನ್ನು ಟ್ರ್ಯಾಕ್ಟರು.

ಹೋದ ವರ್ಷ ಒಂದು ಗುರುವಾರ ಬೆಳಿಗ್ಗೆ ಅಕ್ಕ ತಮ್ಮ ಇಬ್ಬರು ನನ್ನ ಬಾಗಿಲಿಗೆ ಬಂದರು. ಅಕ್ಕ ದ್ಯಾವಮ್ಮ ದೇವದುರ್ಗದಿಂದ, ತಮ್ಮ ಅಮರೇಶ ಕಲ್ಲೂರಿನಿಂದ. ಒಳಗೆ ಬರುವಾಗಲೇ ಒಬ್ಬರ ಮುಖ ಬೀದಿ ಕಡೆ, ಇನ್ನೊಬ್ಬರದು ಗೋಡೆ ಕಡೆ. ಅಮರೇಶ ಟವೆಲಿನ ಗಂಟು ಬಿಚ್ಚಿ ಒಂದು ಟ್ರ್ಯಾಕ್ಟರನ್ನು ನನ್ನ ಮುಂದಿಟ್ಟ. ಅಂಗೈಯಲ್ಲಿ ತೂಗಿದೆ. ಒಳ್ಳೆಯ ಭಾರ. ಮೇಲೆಲ್ಲ ಬೆಳ್ಳಿ ಬಣ್ಣ.

"ನಮ್ಮಪ್ಪಂದು ಅಮ್ಮಾರೆ. ಈ ಬೆಳ್ಳಿ ಬಣ್ಣ ತಗದು ಮೊದಲಿನಂಗ ನೀಲಿ ಮಾಡಿಸಬೇಕಾಗೇದ. ಸೋಮವಾರ ನನ್ನ ಮಗಳ ಅರಿಶಿಣ."

"ಕೆಂಪು" ಎಂದಳು ದ್ಯಾವಮ್ಮ, ಬೀದಿ ನೋಡುತ್ತಲೇ.

"ನೀಲಿ ಯಕ್ಕಾ."

"ಕೆಂಪು! ನೀಲಿ ಹಚ್ಚಿದ್ರ ಅರಿಶಿಣ ಹಚ್ಚಾಕ ಬ್ಯಾರೆ ಸೋದರತ್ತಿನ್ನ ಹುಡುಕ್ಕೊ. ನಾ ಬರಂಗಿಲ್ಲ."

ಬೇರೆ ಸೋದರತ್ತೆ ಎಲ್ಲಿಂದ ಬರಬೇಕು? ಇರುವುದು ಅವರಿಬ್ಬರೇ. ಮದುಮಗಳಿಗೆ ಮೊದಲ ಅರಿಶಿಣ ಹಚ್ಚುವುದು ಅವರ ಮನೆಯಲ್ಲಿ ಸೋದರತ್ತೆಯೇ. ಅವಳು ಬರದಿದ್ದರೆ ಆ ಹುಡುಗಿ ಅತ್ತುಬಿಡುತ್ತಾಳೆ ಎಂದು ಅಮರೇಶ ಟವೆಲಿನಿಂದ ಮುಖ ಒರೆಸಿಕೊಂಡ. ನಾನು ಇಬ್ಬರನ್ನೂ ಕೂರಿಸಿ ನೀರು ಕೊಟ್ಟು ಕೇಳಿದೆ. ಅವರ ಅಪ್ಪ ಚೀಕಲಪರ್ವಿಯಲ್ಲೇ ಇದ್ದು ಅಲ್ಲಿಯ ಸಾಹುಕಾರರ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಕೆಲಸ ಬಿಟ್ಟ ಮೇಲೆ ಆಯುಧಪೂಜೆಗೆ ಪೂಜೆ ಮಾಡಲು ಮನೆಯಲ್ಲಿ ಏನೂ ಇಲ್ಲವೆಂದು ರಾಯಚೂರಿಗೆ ಬಂದು ಈ ಆಟಿಕೆ ಟ್ರ್ಯಾಕ್ಟರ್ ಕೊಂಡು ಒಯ್ದ. ಪ್ರತಿ ವರ್ಷ ಹಬ್ಬದ ಮುಂಚೆ ಬ್ರಷ್ಷಿನಿಂದ ಹೊಸ ಬಣ್ಣ ಹಚ್ಚಿ, ಹೂವು ಏರಿಸಿ, ನಿಂಬೆಹಣ್ಣು ಕೊಯ್ದು ಪೂಜೆ ಮಾಡುತ್ತಿದ್ದ. ಹಬ್ಬ ಮುಗಿದ ಮೇಲೆ ಟ್ರಂಕು ಸೇರಿದರೆ ಮತ್ತೆ ಮುಂದಿನ ಹಬ್ಬಕ್ಕೇ ಹೊರಗೆ. ಮೊಮ್ಮಗಳಿಗೆ, "ನಿನ್ನ ಅರಿಶಿಣಕ್ಕ ನನ್ನ ಟ್ರ್ಯಾಕ್ಟರ್ ನೀ ಕುಂದ್ರೂ ಮಣಿ ಪಕ್ಕಕ್ಕ ನಿಂದರ್ತದ ನೋಡವಾ" ಎಂದು ಮಾತು ಕೊಟ್ಟಿದ್ದನಂತೆ. ಅವನು ತೀರಿಕೊಂಡ ಮೇಲೆ ಅಮರೇಶ ಗೇಟಿಗೆ ಹಚ್ಚಿ ಉಳಿದ ಬೆಳ್ಳಿ ಬಣ್ಣವನ್ನು ಇದಕ್ಕೆ ಬಳಿದಿದ್ದ. ಜಗಳ ಶುರುವಾದದ್ದೇ ಅಲ್ಲಿಂದ.

"ನಮ್ಮಪ್ಪ ಏನ್ ಗೇಟ್ ಏನಲೇ?" ದ್ಯಾವಮ್ಮ ಗುಡುಗಿದಳು. "ಹಬ್ಬಕ್ಕ ಹೋದಾಗೆಲ್ಲ ನೋಡೀನಿ, ಕೆಂಪು. ನನ್ನ ಮಕ್ಳನ್ನ ಕೇಳ್ರಿ, ಅವೂ ಕೆಂಪು ಅಂತಾವ."

"ನನ್ನ ಮಗಳ್ನ ಕೇಳ್ರಿ, ಆಕಿ ನೀಲಿ ಅಂತಾಳ! ನಾನೂ ಹಬ್ಬಕ್ಕ ಹೋದಾಗೆಲ್ಲ ನೋಡೀನಿ."

"ಇಬ್ರೂ ಕೂಡಿ ಹೋದಾಗ ಯಾವ ಬಣ್ಣ ಇತ್ತು?" ಅಂದೆ.

ಇಬ್ಬರೂ ಕೂಡಿ ಹೋಗುವುದೇ ಅಪರೂಪವಂತೆ. ದ್ಯಾವಮ್ಮನ ಗಂಡನ ಮನೆಯಲ್ಲಿ ಇಬ್ಬರು ಸೊಸೆಯರು, ದಸರೆಗೆ ತವರಿಗೆ ಹೋಗುವುದು ಸರದಿಯ ಮೇಲೆ. ಅಮರೇಶ ಲಾರಿ ಡ್ರೈವರು, ಆಯುಧಪೂಜೆಗೆ ಲಾರಿಯ ಹತ್ತಿರ ಒಬ್ಬ ಡ್ರೈವರು ಇರಲೇಬೇಕು, ಹೀಗಾಗಿ ಅವನಿಗೂ ವರ್ಷ ಬಿಟ್ಟು ವರ್ಷ ರಜೆ. ಒಂದು ವರ್ಷ ಅಕ್ಕ ಹೋದರೆ ಇನ್ನೊಂದು ವರ್ಷ ತಮ್ಮ.

"ಒಂದ ವರ್ಷ ಇಬ್ರೂ ಹೋಗಿದ್ವಿ" ಅಂದ ಅಮರೇಶ. "ಆವಾಗ ಅಪ್ಪ ಟ್ರ್ಯಾಕ್ಟರ್ ಮ್ಯಾಲೆ ಟವೆಲ್ ಮುಚ್ಚಿಬಿಟ್ಟಿದ್ದ. ಬಣ್ಣ ಇನ್ನಾ ಒಣಗಿಲ್ಲ, ಮುಟ್ಟಬ್ಯಾಡ್ರಿ ಅಂದ. ಟವೆಲ್ ಮ್ಯಾಲೇ ಹೂವು ಏರಿಸಿ ಪೂಜಿ ಮಾಡಿದ್ವಿ."

ಇಂಥದ್ದಕ್ಕೆ ಸರಿಯಾದ ದಾರಿ ಒಂದಿದೆ. ಒಂದು ಮೂಲೆಯಲ್ಲಿ ವಾಟರ್ ಪೇಪರ್ ಎಂಬ ಮರಳು ಕಾಗದ ಹಚ್ಚಿ ನೀರಿನೊಂದಿಗೆ ಓರೆಯಾಗಿ ತಿಕ್ಕುತ್ತಾ ಹೋದರೆ ಒಂದೊಂದೇ ಪದರದ ಬಣ್ಣ ಬಳೆಯಂತೆ ಕಾಣುತ್ತದೆ. ಟೈರು ಸೀಟು ಬಿಚ್ಚಿಟ್ಟು ಹಾಗೇ ಶುರು ಮಾಡಿದೆ. ಬೆಳ್ಳಿ ಹೋಯಿತು, ನೀಲಿ ಬಂತು. ಅಮರೇಶ ಎದ್ದು ನಿಂತು ಚಪ್ಪಾಳೆ ತಟ್ಟಿದ. ಇನ್ನಷ್ಟು ತಿಕ್ಕಿದೆ, ಕೆಂಪು ಬಂತು. ದ್ಯಾವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೋಡಲೇ ಒಳಗ ಕೆಂಪು! ಮ್ಯಾಲಿನ ನೀಲಿ ನೀನ ಕದ್ದು ಹಚ್ಚೀದಿ!"

"ನಾ ಹಚ್ಚಿದ್ದು ಬೆಳ್ಳಿ! ಕೆಂಪು ನೀನ ಹಚ್ಚಿ ಹೋಗಿರಬೇಕು!"

"ನಾನಾ? ದೇವದುರ್ಗದಿಂದ ಬಣ್ಣದ ಡಬ್ಬಿ ಹೊತ್ಕೊಂಡು ಬಂದೆನಾ?"

ಇಬ್ಬರೂ ನನ್ನ ಕಿವಿಯ ಎರಡೂ ಪಕ್ಕ ನಿಂತು ಕೂಗುತ್ತಿದ್ದರು. ಓಣಿಯವರು ಬಾಗಿಲಿಗೆ ಬಂದರು. ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಹೋಗಿ ಚಹಾ ಕುಡಿಯಬೇಕಾದವಳು ಏನು ಮಾಡಿದೆ ಹೇಳಿ! "ತಳದಾಗಿಂದ ಮೊದಲಿನ ಬಣ್ಣ ತೋರಸ್ತೀನಿ, ಬಾಯಿ ಮುಚ್ಕೋರಿ ಇಬ್ರೂ" ಎಂದು ಟ್ರ್ಯಾಕ್ಟರನ್ನು ಗಟ್ಟಿ ಡಬ್ಬಕ್ಕೆ ಬಿಟ್ಟೆ. ಎರಡು ನಿಮಿಷಕ್ಕೆ ಎತ್ತಿದ್ದರೆ ಮೇಲಿನ ಪದರಗಳು ಮಾತ್ರ ಹೋಗುತ್ತಿದ್ದವು. ಆದರೆ ನಾನು ಆ ಎರಡು ನಿಮಿಷದಲ್ಲಿ ಅವರಿಗೆ ಬುದ್ಧಿ ಹೇಳಲು ನಿಂತೆ. ಅಕ್ಕ ತಮ್ಮ ಎಂದರೆ ಹೇಗಿರಬೇಕು, ನಾನು ನಮ್ಮಣ್ಣನ ಜೊತೆ ಹೇಗಿದ್ದೆ, ಮದುವೆ ಮನೆ ಎಂದರೇನು. ನನ್ನ ಭಾಷಣ ನನಗೇ ಬಹಳ ರುಚಿಸಿಬಿಟ್ಟಿತು. ಮುಗಿಯುವ ಹೊತ್ತಿಗೆ ಅರ್ಧ ತಾಸು ಆಗಿತ್ತು.

ಕಡ್ಡಿಯಿಂದ ಎತ್ತಿದೆ. ಬತ್ತಲೆ! ಒಂದು ಚುಕ್ಕೆ ಬಣ್ಣ ಇಲ್ಲ. ಬೂದಿ ಬಣ್ಣದ ಲೋಹ ನೀರು ತೊಟ್ಟಿಕ್ಕಿಸುತ್ತಾ ನನ್ನನ್ನೇ ನೋಡುತ್ತಿತ್ತು.

ದ್ಯಾವಮ್ಮ ಗೋಡೆಗೆ ಒರಗಿ ಕುಕ್ಕರಿಸಿದಳು. "ಅಪ್ಪನ ಕೈ ಅದರ ಮ್ಯಾಲಿತ್ತವಾ" ಅಂದಳು, ಮೆಲ್ಲಗೆ. "ಬಣ್ಣ ಯಾವುದರೆ ಇರ್ಲಿ, ಬ್ರಷ್ಷಿನ ಗೆರಿ ಅವಂದಿತ್ತು. ತೊಳದಬಿಟ್ಟೆಲ್ಲ." ಅಮರೇಶ ತನ್ನ ಟವೆಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಜೀಪು ಕರಗಿಸಿದಾಗ ನಗಲಿಕ್ಕೆ ಉಸ್ತಾದರಿದ್ದರು. ಇಲ್ಲಿ ನಾನೊಬ್ಬಳೇ, ಎದುರಿಗೆ ಎರಡು ಬಿಳಿಚಿದ ಮುಖ, ಸೋಮವಾರಕ್ಕೆ ಅರಿಶಿಣ.

ಏನು ಮಾಡಬೇಕೆಂದು ತೋಚಲಿಲ್ಲ. ಕೈ ಮಾತ್ರ ತನ್ನ ರೂಢಿಯಂತೆ ಜರಡಿ ತೆಗೆದುಕೊಂಡು ಬಕೆಟ್ಟಿನ ಮೇಲಿಟ್ಟು ಡಬ್ಬದ ನೀರು ಸೋಸಿತು. ಜರಡಿಯಲ್ಲಿ ಬಣ್ಣದ ಸಿಪ್ಪೆ, ಚೂರು, ಲೋಳೆ ಉಳಿದವು. ನೋಡಿಯೇ ಒಗೆಯಬೇಕಲ್ಲ? ಮೇಲಿಂದ ನೀರು ಬಿಟ್ಟು ಬೆರಳಾಡಿಸಿದೆ. ಬೆರಳಿಗೆ ಒಂದು ಗಟ್ಟಿ ತುಂಡು ತಾಗಿತು, ಹುಣಸೆ ಬೀಜದಷ್ಟು. ಸೀಟಿನ ಹಿಂದೆ, ಮಡ್‌ಗಾರ್ಡಿನ ಸಂದಿಯಲ್ಲಿ ಅಪ್ಪನ ಬ್ರಷ್ಷಿನಿಂದ ಬಣ್ಣ ಹರಿದು ಪ್ರತಿ ವರ್ಷ ನಿಲ್ಲುತ್ತಿದ್ದ ಜಾಗದ್ದು ಅದು. ಅಲ್ಲಿಯ ಬಣ್ಣ ಅಷ್ಟು ದಪ್ಪವಾಗಿತ್ತು, ಸೋಡಾಕ್ಕೆ ಕರಗದೆ ಬುಡಸಮೇತ ಎದ್ದು ಬಂದಿತ್ತು.

"ತಡೀರಿ" ಅಂದೆ. ತುಂಡನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ, ಅಂಚನ್ನು ಬ್ಲೇಡಿನಿಂದ ಕೊಯ್ದು, ವಾಟರ್ ಪೇಪರಿನ ಮೇಲೆ ಮೆತ್ತಗೆ ಎಳೆದೆ. ಭೂತಗನ್ನಡಿ ಹಿಡಿದೆ. ನೋಡಿದವಳೇ ಕೂಗಿಬಿಟ್ಟೆ, "ಬರ್ರಿ ಇಲ್ಲಿ! ನಿಮ್ಮಪ್ಪ ಎಲ್ಲಾ ಇಲ್ಲೇ ಬರದಿಟ್ಟಾನ!"

ಅಂಚಿನ ಉದ್ದಕ್ಕೂ ಪಟ್ಟಿ ಪಟ್ಟಿ. ಪಟ್ಟಿ ಪಟ್ಟಿಯ ನಡುವೆ ಪೂಜೆಯ ದೀಪದ ಮಸಿಯ ಕರಿ ಎಳೆ. ಮೇಲೆ ಬೆಳ್ಳಿ, ಅದರ ಕೆಳಗೆ ನೀಲಿ, ಕೆಂಪು, ನೀಲಿ, ಕೆಂಪು. ನಾನು ಓದುತ್ತಾ ಹೋದೆ, ಅವರು ಬೆರಳು ಮಡಚುತ್ತಾ ಹೋದರು.

"ನೀಲಿ... ಅಪ್ಪ ತೀರಕೊಳ್ಳೋಕಿಂತ ಮುಂಚಿನ ದಸರಿ. ನಾ ಹೋಗಿದ್ದೆ" ಅಂದ ಅಮರೇಶ.

"ಅದರ ಹಿಂದಿನ ವರ್ಷ ನಾ" ಅಂದಳು ದ್ಯಾವಮ್ಮ. "ಕೆಂಪು." ಆಮೇಲೆ ತಮ್ಮನ ಮುಖ ನೋಡಿದಳು. ಅವನೂ ನೋಡಿದ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. "ಯಾರು ಬರ್ತಾರ, ಅವರ ಬಣ್ಣ ಹಚ್ತಿದ್ನೇನ ಮುದುಕ!" ಎಂದಳು ದ್ಯಾವಮ್ಮ. ಚಿಕ್ಕಂದಿನಲ್ಲಿ ಅವಳಿಗೆ ಬಳೆ, ರಿಬ್ಬನ್ನು ಎಲ್ಲ ಕೆಂಪೇ ಬೇಕು, ಅವನಿಗೆ ಬುಗುರಿಯಿಂದ ಹಿಡಿದು ಎಲ್ಲ ನೀಲಿಯೇ ಬೇಕು. ಅಪ್ಪ ಮರೆತಿರಲಿಲ್ಲ.

"ಮುಂದ ಓದ್ರಿ, ಮುಂದ ಓದ್ರಿ!" ಎಂದರು ಇಬ್ಬರೂ.

"ಕೆಂಪಿನ ಕೆಳಗ..." ನಾನು ಕನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದೆ. "ಇದೇನ್ ಬಣ್ಣನವಾ? ಕೆಂಪೂ ಅಲ್ಲ, ನೀಲಿನೂ ಅಲ್ಲ. ಬದನಿಕಾಯಿ ಬಣ್ಣ!"

ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಅದರ ಕೆಳಗೆ ಮತ್ತೆ ಕೆಂಪು, ನೀಲಿ, ಕೆಂಪು, ತೀರಾ ತಳದಲ್ಲಿ ಕಾರ್ಖಾನೆಯ ಹಳದಿ. ನಡುವೆ ಅದೊಂದೇ ಬದನೆಕಾಯಿ. ಬೆರಳ ಮೇಲೆ ವರ್ಷಗಳ ಲೆಕ್ಕ ಹಾಕುತ್ತಿದ್ದ ದ್ಯಾವಮ್ಮ ತಟ್ಟನೆ ನಿಲ್ಲಿಸಿದಳು. ತಮ್ಮನ ರಟ್ಟೆ ಹಿಡಿದಳು.

"ಲೇ ಅಮರ್ಯಾ... ಟವೆಲ್!"

ಒಂದು ಕ್ಷಣ ನನಗೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು ನೋಡಿ! ಆ ವರ್ಷ ಇಬ್ಬರೂ ಬರುವ ಸುದ್ದಿ ಮುಟ್ಟಿದೆ. ಮುದುಕ ಒಂದು ಕೈಯಲ್ಲಿ ಕೆಂಪು ಡಬ್ಬಿ, ಒಂದು ಕೈಯಲ್ಲಿ ನೀಲಿ ಡಬ್ಬಿ ಹಿಡಿದು ಎಷ್ಟು ಒದ್ದಾಡಿದನೋ. ಕೊನೆಗೆ ಎರಡನ್ನೂ ಕಲಸಿಬಿಟ್ಟಿದ್ದಾನೆ. ಕಲಸಿದರೆ ಏನಾಗಬೇಕು? ಬದನೆಕಾಯಿ! ಅದನ್ನು ನೋಡಿ ಅವನಿಗೇ ನಾಚಿಕೆಯಾಗಿ ಟವೆಲು ಮುಚ್ಚಿಟ್ಟು, ಒಣಗಿಲ್ಲ, ಮುಟ್ಟಬೇಡಿ ಎಂದು ಮಕ್ಕಳನ್ನು ಹೆದರಿಸಿದ್ದಾನೆ!

ದ್ಯಾವಮ್ಮ ನೆಲಕ್ಕೆ ಕೈ ಬಡಿದು ಬಡಿದು ನಕ್ಕಳು. ಅಮರೇಶ ಕಂಬ ಹಿಡಿದುಕೊಂಡು ನಕ್ಕ. ಬಾಗಿಲಲ್ಲಿ ನಿಂತಿದ್ದ ಓಣಿಯವರು ಏನೆಂದು ಗೊತ್ತಿಲ್ಲದೆಯೇ ನಕ್ಕರು. ನಗುತ್ತ ನಗುತ್ತ ದ್ಯಾವಮ್ಮ ಅಳತೊಡಗಿದಳು, ಅಮರೇಶ ಅವಳ ತಲೆಯ ಮೇಲೆ ಕೈಯಿಟ್ಟು ತಾನೂ ಅತ್ತ, ಆಮೇಲೆ "ಟವೆಲ್ ಮ್ಯಾಲೆ ನಿಂಬಿಹಣ್ಣು ಇಟ್ಟಿದ್ವಿ ಯಕ್ಕಾ" ಅಂದ, ಮತ್ತೆ ನಗು ಶುರುವಾಯಿತು.

ಯಾವ ಬಣ್ಣ ಹಚ್ಚಬೇಕೆಂದು ಆಮೇಲೆ ಯಾರೂ ಕೇಳಲಿಲ್ಲ. ನನ್ನ ಹೆಬ್ಬೆರಳಿಗೆ ಆಗಲೇ ನಡುಕ ಹತ್ತಿತ್ತು, ಹಚ್ಚುವುದು ನನ್ನ ಕೆಲಸವೂ ಅಲ್ಲ. ಒಂದು ಬಟ್ಟಲು ಕೊಟ್ಟು, ಅಕ್ಕನ ಕೈಗೆ ಕೆಂಪು, ತಮ್ಮನ ಕೈಗೆ ನೀಲಿ ಕೊಟ್ಟೆ. ತುಂಡಿನ ಬಣ್ಣಕ್ಕೆ ಹೊಂದುವವರೆಗೆ ಹನಿ ಹನಿ ಬಿಡಬೇಕು. ಅಲ್ಲೂ ಜಗಳವೇ. "ಸಾಕಲೇ, ಬಾಳ ಹಾಕಿದಿ!" "ನೀ ಹಾಕಿದ್ದು ಎಣಿಸೀನಿ ಯಕ್ಕಾ!" ಎಡಗಡೆಯನ್ನು ಅವಳು, ಬಲಗಡೆಯನ್ನು ಅವನು ಬ್ರಷ್ಷಿನಿಂದ ಬಳಿದರು. ಸೀಟಿನ ಹಿಂದೆ ಬಣ್ಣ ಹರಿದು ನಿಂತಿತು, ನಾನು ಒರೆಸಲು ಹೋದೆ, ಇಬ್ಬರೂ ನನ್ನ ಕೈ ಹಿಡಿದರು. ಆ ತುಂಡನ್ನು ಬ್ಲೇಡಿನಿಂದ ಎರಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ.

ನಾನು ಮಾಡಿದ ಕೊನೆಯ ಗಾಡಿ ಅದು. ಅದಕ್ಕಿಂತ ಒಳ್ಳೆಯದನ್ನು ಇನ್ನೇನು ಕೆಡಿಸಲಿ ಎಂದು ಡಬ್ಬ ಬೋರಲು ಹಾಕಿದೆ. ಸಿಟ್ಟಿನಲ್ಲಿ ಡಬ್ಬ ಮುಟ್ಟಬೇಡಿ. ಮುಟ್ಟಿದರೂ ಜರಡಿ ಮರೆಯಬೇಡಿ.

ಸೋಮವಾರ ಕಲ್ಲೂರಿಗೆ ನನ್ನನ್ನೂ ಕರೆದಿದ್ದರು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದ್ದರು, ಅರಿಶಿಣದ ಬಟ್ಟಲು ತಯಾರಿತ್ತು. ದೇವದುರ್ಗದ ಬಸ್ಸು ತಡವಾಗಿ, ದ್ಯಾವಮ್ಮ ಏದುಸಿರು ಬಿಡುತ್ತಾ ಚಪ್ಪರಕ್ಕೆ ಬಂದಳು. ಬಂದವಳೇ ಕೈ ತೊಳೆದು ಬಟ್ಟಲಿಗೆ ಕೈ ಅದ್ದಿ, ಮಣೆಯ ಪಕ್ಕ ನೋಡಿದಳು. ಅಲ್ಲಿ ಟ್ರ್ಯಾಕ್ಟರಿನ ಮೇಲೆ ಟವೆಲು ಮುಚ್ಚಿತ್ತು, ಟವೆಲಿನ ಮೇಲೆ ಒಂದು ನಿಂಬೆಹಣ್ಣು.

ಅಮರೇಶ ಅದರ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ. ಮುಖ ಬಿಗಿ ಮಾಡಿಕೊಂಡಿದ್ದ, ಮೀಸೆ ಮಾತ್ರ ಕುಣಿಯುತ್ತಿತ್ತು.

"ಬಣ್ಣ ಇನ್ನಾ ಒಣಗಿಲ್ಲ ಯಕ್ಕಾ" ಅಂದ. "ಮುಟ್ಟಬ್ಯಾಡ."

ದ್ಯಾವಮ್ಮ ಅರಿಶಿಣದ ಕೈಯಲ್ಲೇ ಟವೆಲು ಎಳೆದಳು.